ಕೊನೆಯ ಸಂಚಿಕೆ ನೋಡುಗರ ಹಕ್ಕು

2020ರ ಮೇ ತಿಂಗಳು. ಲಾಕ್‌ಡೌನ್‌ನಿಂದಾಗಿ ಎಲ್ಲರೂ ಮನೆಯೊಳಗೇ ಇದ್ದ ಕಾಲ. ಟಿ.ವಿ. ಮುಂದೆ ಕೂರದವರೂ ಕೂರುತ್ತಿದ್ದ ಆ ದಿನಗಳಲ್ಲೇ ಟಿ.ಎನ್. ಸೀತಾರಾಮ್ ಅವರ ‘ಮಗಳು ಜಾನಕಿ’ ಅರ್ಧಕ್ಕೆ ನಿಂತುಹೋಯಿತು. 2018ರ ಜುಲೈನಲ್ಲಿ ಕಲರ್ಸ್ ಸೂಪರ್ ವಾಹಿನಿಯಲ್ಲಿ ಶುರುವಾಗಿದ್ದ ಧಾರಾವಾಹಿ ಅದು. ಕೊರೊನಾ ತಂದ ಹಣದ ಇಕ್ಕಟ್ಟಿನಿಂದ ಮುಂದುವರಿಸಲು ಆಗುತ್ತಿಲ್ಲವೆಂದು ನಿರ್ದೇಶಕರೇ ನೋಡುಗರಿಗೆ ತಿಳಿಸಿದರು. ಯಾರನ್ನೂ ದೂರುವಂತಿರಲಿಲ್ಲ. ಚಿತ್ರೀಕರಣ ನಿಂತಿತ್ತು, ಜಾಹೀರಾತು ಬತ್ತಿತ್ತು. ಆದರೂ ಬೆಂಗಳೂರಿನ ಬಸವೇಶ್ವರನಗರ, ವಿಜಯನಗರದ ಎಷ್ಟೋ ಮನೆಗಳಲ್ಲಿ ಒಂದೇ ಪ್ರಶ್ನೆ ಬಹಳ ದಿನ ಓಡಾಡಿತು: ‘ಅಲ್ಲರೀ, ಕೊನೆಗೆ ಏನಾಗ್ತಿತ್ತು?’

ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಎರಡು ವರ್ಷ ಪ್ರತಿ ರಾತ್ರಿ ಊಟದ ಹೊತ್ತು ಹೊಂದಿಸಿಕೊಂಡು ಒಂದು ಕತೆಯನ್ನು ಹಿಂಬಾಲಿಸಿದವರಿಗೆ ಅದರ ಕೊನೆ ಸಿಗಲೇಬೇಕು. ಕಾದಂಬರಿಯ ಕೊನೆಯ ಹಾಳೆ ಹರಿದಿದ್ದರೆ ಓದುಗ ಗ್ರಂಥಾಲಯದಲ್ಲಿ ಜಗಳ ತೆಗೆಯುತ್ತಾನೆ. ಧಾರಾವಾಹಿ ನೋಡುವವರು ಮಾತ್ರ ಸುಮ್ಮನಿರಬೇಕೆಂದು ನಾವು ಯಾಕೆ ಅಂದುಕೊಂಡಿದ್ದೇವೆ?

ಅದೇ ಮನೆಗಳ ಇನ್ನೊಂದು ಕೋಣೆಯಲ್ಲಿ ನಡೆಯುವ ಮಾತುಕತೆಯೇ ಬೇರೆ. ಕೆಂಗೇರಿಯಿಂದ ಮೆಟ್ರೋ ಹತ್ತಿ ಕೆಲಸಕ್ಕೆ ಹೋಗುವ ಮಗನೋ ಮಗಳೋ ಫೋನಿನಲ್ಲಿ ವೆಬ್ ಸರಣಿ ನೋಡುತ್ತಾರೆ. ಎಂಟೋ ಹತ್ತೋ ಕಂತು. ಆಮೇಲೆ ಸೀಸನ್ ಮುಗಿಯುತ್ತದೆ. ಮುಗಿದ ಮರುದಿನವೇ ಚರ್ಚೆ ಶುರು. ಅವನು ಹಾಗೆ ಮಾಡಿದ್ದು ಸರಿಯಾ, ಆ ಪಾತ್ರವನ್ನು ಅಷ್ಟು ಬೇಗ ಸಾಯಿಸಬೇಕಿತ್ತಾ, ಇದು ನಿಜವಾಗಿ ನಡೆದದ್ದಾ, ಕಟ್ಟಿದ್ದಾ? ಮೊದಲ ಕೋಣೆಯವರಿಗೂ ಇವರಷ್ಟೇ ಬುದ್ಧಿ, ಇವರಷ್ಟೇ ಆಸಕ್ತಿ ಇದೆ. ಇಲ್ಲದಿರುವುದು ಮುಕ್ತಾಯ ಮಾತ್ರ. ಮುಗಿಯದ ಕತೆಯ ಬಗ್ಗೆ ‘ಮುಂದೇನು’ ಎಂದು ಊಹಿಸಬಹುದು. ‘ಇದು ಸರಿಯೇ’ ಎಂದು ವಾದಿಸಬೇಕಾದರೆ ಕತೆ ಎಲ್ಲಾದರೂ ಒಂದು ಕಡೆ ನಿಲ್ಲಬೇಕು.

ಅದರಲ್ಲೂ ಕೆಲಸದ ಜಾಗದ ಕತೆಗಳು. ಆಫೀಸು, ಕೋರ್ಟು, ಆಸ್ಪತ್ರೆ, ಪ್ರಯೋಗಾಲಯ ಇವೇ ರಂಗವಾಗಿರುವ ಕತೆಗಳಿಗೆ ಮುಕ್ತಾಯ ಬಹಳ ಮುಖ್ಯ. ಮನೆಯ ಕತೆಯಲ್ಲಿ ಸಂಬಂಧಗಳು ಹೇಗೋ ಮುಂದುವರಿಯುತ್ತವೆ. ಕೆಲಸದ ಜಾಗದಲ್ಲಿ ಒಂದು ದಿನ ತೀರ್ಪು ಬರುತ್ತದೆ, ಕಂಪನಿ ಮಾರಾಟವಾಗುತ್ತದೆ, ರಾಕೆಟ್ ಹಾರುತ್ತದೆ ಅಥವಾ ಬೀಳುತ್ತದೆ. ಪಾತ್ರಗಳು ಏನೆಂಬುದು ನಮಗೆ ತಿಳಿಯುವುದೇ ಆ ದಿನ.

ಇಂಥ ಮುಕ್ತಾಯ ಹೇಗಿರಬಹುದು ಎಂಬುದಕ್ಕೆ ಅಮೆರಿಕದ ‘ಮ್ಯಾಡ್ ಮೆನ್’ ಒಳ್ಳೆಯ ಉದಾಹರಣೆ. ನ್ಯೂಯಾರ್ಕಿನ ಜಾಹೀರಾತು ಕಂಪನಿಯೊಂದರ, 1960ರ ದಶಕದ ಕತೆ. 2007ರಿಂದ 2015ರವರೆಗೆ 7 ಸೀಸನ್, ಒಟ್ಟು 92 ಕಂತು. ಕಟ್ಟಕಡೆಯ ಕಂತಿನ ಬಗ್ಗೆ ಜನ ಇವತ್ತಿಗೂ ವಾದಿಸುತ್ತಾರೆ. ನಾಯಕ ಡಾನ್ ಡ್ರೇಪರ್ ಸಮುದ್ರದ ಬದಿಯಲ್ಲಿ ಧ್ಯಾನಕ್ಕೆ ಕೂತು ಸಣ್ಣಗೆ ನಗುತ್ತಾನೆ. ತಕ್ಷಣ 1971ರ ಕೋಕಾ ಕೋಲಾದ ನಿಜವಾದ ಜಾಹೀರಾತು ತೆರೆಯ ಮೇಲೆ ಬರುತ್ತದೆ. ಅವನಿಗೆ ಸಿಕ್ಕಿದ್ದು ಶಾಂತಿಯೇ, ಇಲ್ಲಾ ಹೊಸ ಜಾಹೀರಾತಿನ ಐಡಿಯಾವೇ? ನನ್ನ ಮಟ್ಟಿಗೆ ಎರಡೂ. ಆದರೆ ನನಗೆ ಅದಕ್ಕಿಂತ ಹಿಡಿಸುವುದು 2009ರಲ್ಲಿ ಬಂದ ಮೂರನೇ ಸೀಸನ್ನಿನ ಮುಕ್ತಾಯ.

ಕತೆಯಲ್ಲಿ ಅದು 1963ರ ಡಿಸೆಂಬರ್. ಕಂಪನಿಯನ್ನು ದೊಡ್ಡ ಸಂಸ್ಥೆಯೊಂದಕ್ಕೆ ಮಾರುತ್ತಿದ್ದಾರೆಂಬ ಸುದ್ದಿ ಬಂದಿದೆ. ಹಳೆಯ ಪಾಲುದಾರರಿಗೆ ಅಲ್ಲಿ ಆಳುಗಳಂತೆ ದುಡಿಯುವ ಮನಸ್ಸಿಲ್ಲ. ಕರಾರು ಮುರಿದು ಹೊರಡುವಂತೆಯೂ ಇಲ್ಲ. ಒಂದು ಉಪಾಯ ಹೂಡುತ್ತಾರೆ. ನೌಕರರನ್ನು ತೆಗೆದುಹಾಕುವ ಅಧಿಕಾರವಿರುವ ಲೇನ್ ಪ್ರೈಸ್‌ನ ಹತ್ತಿರ ‘ನಮ್ಮನ್ನೆಲ್ಲ ವಜಾ ಮಾಡು, ನೀನೂ ನಮ್ಮ ಜತೆ ಬಾ’ ಎನ್ನುತ್ತಾರೆ. ವಜಾ ಆದ ಕೂಡಲೇ ಕರಾರಿನಿಂದ ಬಿಡುಗಡೆ. ಶನಿವಾರ, ಭಾನುವಾರ ಆಫೀಸು ಖಾಲಿಯಿರುವಾಗ ತಮ್ಮ ಗ್ರಾಹಕರ ಫೈಲುಗಳನ್ನೆಲ್ಲ ಸಾಗಿಸಬೇಕು. ಅಲ್ಲಿ ಒಂದು ತೊಡಕು. ಯಾವ ಫೈಲು ಎಲ್ಲಿದೆ ಎಂದು ಆ ದೊಡ್ಡ ದೊಡ್ಡ ಗಂಡಸರಲ್ಲಿ ಒಬ್ಬರಿಗೂ ಗೊತ್ತಿಲ್ಲ! ಹಿಂದೆ ಕೆಲಸ ಬಿಟ್ಟುಹೋಗಿದ್ದ ಜೋನ್‌ಗೆ ಫೋನು ಹೋಗುತ್ತದೆ. ಅವಳು ಬರುತ್ತಾಳೆ, ಪಟ್ಟಿ ಹಿಡಿದು ನಿಲ್ಲುತ್ತಾಳೆ, ಕೆಲಸ ಸರಸರ ಸಾಗುತ್ತದೆ. ಸೋಮವಾರ ಹೋಟೆಲ್ ಕೋಣೆಯೊಂದರಲ್ಲಿ ಹೊಸ ಕಂಪನಿ. ನಾಯಕನ ಮದುವೆ ಮುರಿದುಬೀಳುವುದೂ ಇದೇ ಕಂತಿನಲ್ಲಿ. ಮನೆ ಕಳಚುತ್ತಿರುವಾಗಲೇ ಆಫೀಸು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಆಫೀಸನ್ನು ನಡೆಸುತ್ತಿದ್ದವರು ನಿಜಕ್ಕೂ ಯಾರು ಎಂದು ಮೂರು ಸೀಸನ್ ಕೇಳಿದ ಪ್ರಶ್ನೆಗೆ, ಭಾಷಣವಿಲ್ಲದೆ, ಒಂದು ಫೈಲಿನ ಕಪಾಟು ಉತ್ತರ ಕೊಡುತ್ತದೆ.

ಇದು ದೂರದ ಮಾತಾಯಿತು ಎನ್ನುವವರು ‘ರಾಕೆಟ್ ಬಾಯ್ಸ್’ ನೋಡಬಹುದು. ಹೋಮಿ ಭಾಭಾ, ವಿಕ್ರಮ್ ಸಾರಾಭಾಯಿ ಕುರಿತ ಈ ಹಿಂದಿ ಸರಣಿಯ ಮೊದಲ ಸೀಸನ್ 2022ರ ಫೆಬ್ರುವರಿಯಲ್ಲಿ, ಎರಡನೆಯದು 2023ರ ಮಾರ್ಚ್‌ನಲ್ಲಿ ಸೋನಿ ಲಿವ್‌ನಲ್ಲಿ ಬಂತು. ತಲಾ 8 ಕಂತು. ಕತೆಯ ಬೇರು ಇರುವುದು ರಾಜಾಜಿನಗರದಿಂದ ಕೂಗಳತೆಯ ದೂರದ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಭಾಭಾ, ಸಾರಾಭಾಯಿ ಇಬ್ಬರೂ ಸಿ.ವಿ. ರಾಮನ್ ಇದ್ದ ಆ ಆವರಣದಲ್ಲಿ ಕೆಲಸ ಮಾಡಿದರು. ಮುಂದೆ ಮುಂಬೈಯಲ್ಲಿ ಬೆಳೆದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಮೊದಲು ಕಣ್ಣು ಬಿಟ್ಟದ್ದೂ ಅಲ್ಲೇ.

ಎರಡನೇ ಸೀಸನ್ ಹೋಗಿ ಮುಟ್ಟುವುದು 1974ರ ಮೇ 18ರ ಪೋಖ್ರಾನ್ ಪರೀಕ್ಷೆಗೆ. ಕೊನೆ ಎಲ್ಲರಿಗೂ ಗೊತ್ತು. ಭಾಭಾ 1966ರ ಜನವರಿಯಲ್ಲಿ ಮೊಂಟ್ ಬ್ಲಾಂಕ್ ವಿಮಾನ ದುರಂತದಲ್ಲಿ, ಸಾರಾಭಾಯಿ 1971ರ ಡಿಸೆಂಬರ್‌ನಲ್ಲಿ ತೀರಿಕೊಂಡದ್ದು ಶಾಲೆಯ ಮಕ್ಕಳೂ ಓದಿರುವ ಸಂಗತಿ. ಹಾಗಿದ್ದರೂ ಚರ್ಚೆ ಕಾವೇರುತ್ತದೆ. ಹಿಂದಿನ ಕಾಲದ ಕತೆಗಳ ಗುಣವೇ ಅದು. ‘ಏನಾಯಿತು’ ಎಂಬ ಕುತೂಹಲ ಇಲ್ಲವಾದಾಗ ‘ಯಾರ ಕಣ್ಣಿನಿಂದ ಹೇಳಿದರು’, ‘ಯಾರ ಪಾಲಿನ ಕೀರ್ತಿ ಎಷ್ಟು ತೋರಿಸಿದರು’ ಎಂಬ ಪ್ರಶ್ನೆಗಳು ಮುಂದೆ ಬರುತ್ತವೆ. ಮೆಹ್ದಿ ರಜಾ ಎಂಬ ಕಲ್ಪಿತ ವಿಜ್ಞಾನಿಯನ್ನು ಭಾಭಾಗೆ ಎದುರಾಳಿಯಾಗಿ ನಿಲ್ಲಿಸಿದ್ದರ ಬಗ್ಗೆ ಆಕ್ಷೇಪಗಳು ಬಂದವು, ಬರಬೇಕಾದದ್ದೇ. ಪೋಖ್ರಾನ್ ತಂಡದ ಮುಂದಾಳುಗಳಲ್ಲಿ ಒಬ್ಬರಾದ ರಾಜಾ ರಾಮಣ್ಣ ನಮ್ಮ ತಿಪಟೂರಿನಲ್ಲಿ ಹುಟ್ಟಿದವರು, ಪಿಯಾನೊ ನುಡಿಸುತ್ತಿದ್ದವರು. ಅವರ ಬದುಕೇ ಒಂದು ಸೀಸನ್ನಿಗೆ ಸಾಕು. ಅದನ್ನು ಕನ್ನಡದಲ್ಲಿ ಯಾರೂ ಮಾಡಿಲ್ಲವಲ್ಲ ಎಂಬ ಕೊರಗು ನನಗಿದೆ.

ಕನ್ನಡದಲ್ಲಿ ನೋಡುಗರು ಹೀಗೆ ವಾದಿಸಿದ್ದೇ ಇಲ್ಲವೆಂದಲ್ಲ. ನಮ್ಮಲ್ಲಿ ಇದು ವೆಬ್ ಸರಣಿಗಳಿಗೆ ಎಷ್ಟೋ ಮೊದಲೇ ಇತ್ತು. 1998ರಲ್ಲಿ ದೂರದರ್ಶನ ಚಂದನದಲ್ಲಿ ‘ಮಾಯಾಮೃಗ’ ಬಂದಾಗ ಅದರ ಕಂತುಗಳ ಮಾತು ನವರಂಗ್ ಬಸ್ ಸ್ಟಾಪಿನಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ, ಹಿಟ್ಟಿನ ಗಿರಣಿಯ ಸಾಲಿನಲ್ಲಿ ನಡೆಯುತ್ತಿತ್ತು. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ನಿರ್ದೇಶಿಸಿದ ಧಾರಾವಾಹಿ ಅದು. ಮಾಳವಿಕಾ, ಎಂ.ಡಿ. ಪಲ್ಲವಿ ಮನೆಮನೆಗೆ ಪರಿಚಯವಾದದ್ದು ಅದರಿಂದ. ಮೊಬೈಲು ಕೈಗೆ ಬರುವ ಮುಂಚಿನ ಕಚೇರಿ, ಲ್ಯಾಂಡ್‌ಲೈನ್ ಫೋನಿಗೆ ಕಾಯುವ ಮನೆ, ಕೆಲಸ ಹುಡುಕುವ ಮಧ್ಯಮ ವರ್ಗದ ಮಕ್ಕಳು ಆಗ ವರ್ತಮಾನವೇ ಆಗಿದ್ದರು. ಈಗ ಯೂಟ್ಯೂಬ್‌ನಲ್ಲಿ ಹುಡುಕಿ ನೋಡುವ ಇಪ್ಪತ್ತೈದರ ಹುಡುಗಿಗೆ ಅದೇ ಒಂದು ಹಳೆಯ ಕಾಲದ ಚಿತ್ರ. 2022ರಲ್ಲಿ ಸಿರಿ ಕನ್ನಡ ವಾಹಿನಿಯಲ್ಲಿ ‘ಮತ್ತೆ ಮಾಯಾಮೃಗ’ ಎಂದು ಅದರ ಮುಂದಿನ ತಲೆಮಾರಿನ ಕತೆ ಬಂತು. ಇಷ್ಟು ವರ್ಷಗಳ ಮೇಲೂ ಆ ಪಾತ್ರಗಳು ಏನಾದರು ಎಂದು ತಿಳಿಯುವ ಆಸೆ ಜನರಲ್ಲಿ ಉಳಿದಿತ್ತು.

ಸೀತಾರಾಮ್ ಅವರ ಧಾರಾವಾಹಿಗಳನ್ನು ನಾನು ಕೆಲಸದ ಜಾಗದ ಕತೆಗಳೆಂದೇ ಓದುತ್ತೇನೆ. ‘ಮನ್ವಂತರ’, ‘ಮುಕ್ತ’, ‘ಮುಕ್ತ ಮುಕ್ತ’, ‘ಮಹಾಪರ್ವ’ ಎಲ್ಲದರಲ್ಲೂ ಮನೆ ಇದೆ, ಮದುವೆ ಇದೆ, ಕಣ್ಣೀರಿದೆ. ಆದರೆ ಕತೆಯ ಹಗ್ಗ ಕಟ್ಟಿರುವುದು ಕೋರ್ಟಿನ ಕಂಬಕ್ಕೆ. ಕಪ್ಪು ಕೋಟಿನ ವಕೀಲ ಸಿಎಸ್‌ಪಿಯಾಗಿ ಅವರೇ ಬಂದು ನಿಲ್ಲುತ್ತಾರೆ. ಆ ಪಾಟಿ ಸವಾಲನ್ನು ನೆನಪಿಸಿಕೊಳ್ಳಿ. ಕೂಗಾಟವಿಲ್ಲ, ಮೇಜು ಗುದ್ದುವುದಿಲ್ಲ. ಸಾಕ್ಷಿಗೆ ಮೊದಲು ಸಣ್ಣ ಸಣ್ಣ ಪ್ರಶ್ನೆಗಳು: ಎಷ್ಟು ಹೊತ್ತಿಗೆ ಹೊರಟಿರಿ, ಯಾರು ಜತೆಗಿದ್ದರು, ಬಾಗಿಲು ಯಾರು ತೆಗೆದರು ಎಂಬಂಥವು. ಸಾಕ್ಷಿ ನಿರಾಳವಾಗಿ ಉತ್ತರಿಸುತ್ತಾ ಹೋಗುತ್ತಾನೆ. ಒಂದು ಹಂತದಲ್ಲಿ ತನ್ನ ಎರಡು ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲವೆಂದು ಅವನಿಗೇ ಹೊಳೆಯುತ್ತದೆ. ಕ್ಯಾಮೆರಾ ಅವನ ಮುಖದ ಮೇಲೆ ನಿಂತಿರುತ್ತದೆ, ಸಂಚಿಕೆ ಮುಗಿಯುತ್ತದೆ. ಮರುದಿನದವರೆಗೆ ರಾಜಾಜಿನಗರದ ಜಗಲಿಗಳೆಲ್ಲ ಕೋರ್ಟುಗಳು. ಸಾಕ್ಷಿ ಕಾಯ್ದೆಯ ಹೆಸರು ಕೇಳದವರೂ ‘ಅವನ ಹೇಳಿಕೆ ನಿಲ್ಲೋದಿಲ್ಲ ಬಿಡ್ರೀ’ ಎಂದು ತೀರ್ಪು ಕೊಡುತ್ತಿದ್ದರು. ನ್ಯಾಯಾಲಯ ಹೇಗೆ ನಡೆಯುತ್ತದೆ ಎಂಬುದನ್ನು ಸಾವಿರಾರು ಗೃಹಿಣಿಯರು ಕಲಿತದ್ದು ಈ ಧಾರಾವಾಹಿಗಳಿಂದ. ಇದನ್ನು ನಾನು ಸಣ್ಣ ಸಾಧನೆಯೆಂದು ಭಾವಿಸುವುದಿಲ್ಲ.

‘ಮುಕ್ತ ಮುಕ್ತ’ದ ಕಾಲದಲ್ಲಿ ಈಟಿವಿ ಕನ್ನಡ ಮತ್ತು ಸೀತಾರಾಮ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಊರೂರಿಗೆ ಹೋಗಿ ನೋಡುಗರ ಜತೆ ಸಂವಾದ ನಡೆಸಿದರು. ಸಭಾಂಗಣ ತುಂಬಿರುತ್ತಿತ್ತು. ಜನ ಎದ್ದುನಿಂತು ಪಾತ್ರಗಳ ನಡೆಯನ್ನು ಪ್ರಶ್ನಿಸುತ್ತಿದ್ದರು. ನಿರ್ದೇಶಕ, ಕಲಾವಿದರು ವೇದಿಕೆಯ ಮೇಲೆ ಕೂತು ಉತ್ತರಿಸುತ್ತಿದ್ದರು. ಧಾರಾವಾಹಿ ನೋಡುವುದೂ ಒಂದು ಸಾರ್ವಜನಿಕ ಕೆಲಸ ಎಂಬ ಗೌರವ ಆ ಸಂವಾದಗಳಲ್ಲಿತ್ತು. ಅಂಥದ್ದು ಈಗ ಕಾಣುವುದಿಲ್ಲ. ವಾಹಿನಿಗಳ ಈಗಿನ ‘ಜಾತ್ರೆ’, ‘ಸಂಭ್ರಮ’ಗಳಲ್ಲಿ ಕಲಾವಿದರು ಕುಣಿಯುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. ಪ್ರಶ್ನೆ ಕೇಳಲು ಯಾರ ಕೈಗೂ ಮೈಕು ಬರುವುದಿಲ್ಲ.

ಹಾಗಾದರೆ ನಮ್ಮ ಧಾರಾವಾಹಿಗಳು ಯಾಕೆ ಸರಿಯಾಗಿ ಮುಗಿಯುವುದಿಲ್ಲ? ಉತ್ತರ ಅವು ತಯಾರಾಗುವ ಬಗೆಯಲ್ಲಿದೆ. ವೆಬ್ ಸರಣಿಯ ಕತೆಯನ್ನು ಪೂರ್ತಿ ಬರೆದು, ಪೂರ್ತಿ ಚಿತ್ರಿಸಿ, ಆಮೇಲೆ ತೋರಿಸುತ್ತಾರೆ. ದಿನದ ಧಾರಾವಾಹಿಯಲ್ಲಿ ಇವತ್ತು ಬರೆದದ್ದು ಕೆಲವೇ ದಿನಗಳಲ್ಲಿ ಮನೆಗೆ ಬರುತ್ತದೆ. ನಾಗರಬಾವಿ, ಕೆಂಗೇರಿ, ರಾಜರಾಜೇಶ್ವರಿ ನಗರದ ಬಾಡಿಗೆ ಮನೆಗಳಲ್ಲಿ ಬೆಳಗ್ಗೆಯಿಂದ ರಾತ್ರಿಯವರೆಗೆ ಚಿತ್ರೀಕರಣ. ಒಂದಿಷ್ಟು ಸಂಚಿಕೆ ಮುಂಚಿತವಾಗಿ ಕೈಯಲ್ಲಿದ್ದರೆ ಅದಕ್ಕೆ ‘ಬ್ಯಾಂಕಿಂಗ್’ ಎಂಬ ಹೆಸರು. ಗುರುವಾರ ಟಿಆರ್‌ಪಿ ಬರುತ್ತದೆ. 2015ರಿಂದ ಈ ಲೆಕ್ಕ ಕೊಡುತ್ತಿರುವುದು ಬಾರ್ಕ್ ಸಂಸ್ಥೆ. ಆಯ್ದ ಮನೆಗಳ ಟಿ.ವಿ.ಗೆ ಅಳವಡಿಸಿದ ಮೀಟರುಗಳೇ ಆಧಾರ. 2020ರ ಹೊತ್ತಿಗೆ ಇಡೀ ದೇಶದಲ್ಲಿ ಅಂಥ ಸುಮಾರು 44,000 ಮನೆಗಳಿದ್ದವು. ಆ ಅಂಕಿ ಏರಿದರೆ ಕತೆಯನ್ನು ಎಳೆಯಬೇಕು, ಇಳಿದರೆ ‘ಟ್ರ್ಯಾಕ್’ ಬದಲಿಸಬೇಕು, ಇಳಿಯುತ್ತಲೇ ಇದ್ದರೆ ಸ್ಲಾಟ್ ಹೋಗುತ್ತದೆ. ಕೊನೆಗೊಂದು ದಿನ ‘ವೈಂಡ್ ಅಪ್ ಮಾಡಿ’ ಎಂಬ ಫೋನು. ನೂರಾರು ಸಂಚಿಕೆ ಕೂಡಿಟ್ಟ ಸಿಕ್ಕುಗಳನ್ನು ಹತ್ತು ಹದಿನೈದು ಸಂಚಿಕೆಗಳಲ್ಲಿ ಬಿಡಿಸಬೇಕು. ಕೆಟ್ಟವರು ಒಂದೇ ವಾರದಲ್ಲಿ ಒಳ್ಳೆಯವರಾಗುವುದು, ಕಾಣೆಯಾದ ಪಾತ್ರವನ್ನು ಯಾರೂ ಕೇಳದಿರುವುದು ಇದರಿಂದಲೇ. ಬರೆಯುವವರಿಗೆ ಬರೆಯಲು ಬರದೆ ಹೀಗಾಗುವುದಿಲ್ಲ. ಎಲ್ಲಿ ಮುಗಿಸಬೇಕು ಎಂಬ ತೀರ್ಮಾನ ಅವರ ಕೈಯಲ್ಲಿಲ್ಲ, ಅಷ್ಟೇ.

ಎಳೆಯುವುದೆಂದರೆ ಎಷ್ಟು ಎಂಬುದಕ್ಕೆ ಒಂದೇ ಕತೆಯ ಎರಡು ರೂಪಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ದೊಡ್ಡ ಕಂಪನಿಯ ಮಾಲೀಕ, ಅವನಿಗಿಂತ ತುಂಬ ಚಿಕ್ಕವಳಾದ ಮಧ್ಯಮ ವರ್ಗದ ಹುಡುಗಿ. ಮರಾಠಿಯ ‘ತುಲಾ ಪಾಹತೇ ರೇ’ 2018ರ ಆಗಸ್ಟ್‌ನಲ್ಲಿ ಶುರುವಾಗಿ 2019ರ ಜುಲೈನಲ್ಲಿ ಮುಗಿಯಿತು. ಅದರ ಕನ್ನಡ ರೂಪ ‘ಜೊತೆ ಜೊತೆಯಲಿ’ 2019ರ ಸೆಪ್ಟೆಂಬರ್‌ನಲ್ಲಿ ಶುರುವಾಗಿ 2023ರ ಮೇವರೆಗೆ ನಡೆಯಿತು. ಅಲ್ಲಿ ಒಂದು ವರ್ಷಕ್ಕೂ ಕಡಿಮೆ, ಇಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು. ಕನ್ನಡದ ರೂಪಕ್ಕೆ ಅದರದೇ ಅಭಿಮಾನಿಗಳಿದ್ದರು, ಮೊದಲ ತಿಂಗಳುಗಳಲ್ಲಿ ಅದು ತಂದ ಹುರುಪನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮರಾಠಿಯಲ್ಲಿ ಕತೆ ಮುಗಿದದ್ದು ಅದು ಮುಗಿಯಬೇಕಾದಾಗ.

ಸೀಮಿತ ಕಂತು ನಮಗೆ ಹೊಸದೂ ಅಲ್ಲ. ಆಗುಂಬೆಯಲ್ಲಿ ಶಂಕರ್ ನಾಗ್ ಚಿತ್ರಿಸಿದ ‘ಮಾಲ್ಗುಡಿ ಡೇಸ್’ 1980ರ ದಶಕದಲ್ಲೇ ಅದನ್ನು ಮಾಡಿ ತೋರಿಸಿತು. ಅಂಚೆಯವನ ಕೆಲಸ, ಅಂಗಡಿಯವನ ಕೆಲಸ, ಜ್ಯೋತಿಷಿಯ ಕೆಲಸ, ಎಲ್ಲವೂ ಹಿಂದಿನ ಕಾಲದ್ದು, ಎಲ್ಲಕ್ಕೂ ಅಚ್ಚುಕಟ್ಟಾದ ಮುಕ್ತಾಯ. ಇವತ್ತಿಗೂ ಮಕ್ಕಳು ಕೂತು ನೋಡುತ್ತಾರೆ.

ಕಂತುಗಳನ್ನು ಹೀಗೆ ಸೀಮಿತಗೊಳಿಸುವುದಕ್ಕೆ ಬರುವ ಆಕ್ಷೇಪ ನನಗೆ ಗೊತ್ತು, ಅದು ಸಣ್ಣದಲ್ಲ. ದಿನದ ಧಾರಾವಾಹಿ ಎಷ್ಟೋ ಜನರ ಹೊಟ್ಟೆಪಾಡು. ಲೈಟ್ ಹುಡುಗರು, ಮೇಕಪ್‌ನವರು, ಅಡುಗೆಯವರು, ಯೂನಿಟ್ ಗಾಡಿಯ ಚಾಲಕರು, ಸಣ್ಣ ಪಾತ್ರದ ಹಿರಿಯ ರಂಗನಟರು. ಒಂದು ಧಾರಾವಾಹಿ ವರ್ಷಗಟ್ಟಲೆ ನಡೆದರೆ ಅವರ ಮಕ್ಕಳ ಫೀಸು ಸಲೀಸು. ಆದರೆ ಈಗಿನ ಪದ್ಧತಿಯಲ್ಲೂ ಅವರಿಗೆ ಭದ್ರತೆ ಎಲ್ಲಿದೆ? ಗುರುವಾರದ ಅಂಕಿ ಎರಡು ತಿಂಗಳು ಇಳಿದರೆ ಅವರೂ ಮನೆಗೆ. ಇಷ್ಟು ಸಂಚಿಕೆ ಎಂದು ಮೊದಲೇ ಗೊತ್ತಿದ್ದರೆ ಮುಂದಿನ ಕೆಲಸವನ್ನು ಅವರೂ ಮೊದಲೇ ನೋಡಿಕೊಳ್ಳಬಹುದು. ಸ್ಲಾಟ್ ಖಾಲಿ ಬೀಳುವುದಿಲ್ಲ, ಇನ್ನೊಂದು ಕತೆ ಬರುತ್ತದೆ.

ಆದ್ದರಿಂದ ವಾಹಿನಿಗಳಿಗೆ ನನ್ನ ಕೋರಿಕೆ ಇಷ್ಟು. ವರ್ಷಕ್ಕೆ ಒಂದಾದರೂ ಧಾರಾವಾಹಿಯನ್ನು ‘100 ಸಂಚಿಕೆ’ ಎಂದು ಮೊದಲ ಪ್ರೋಮೋದಲ್ಲೇ ಹೇಳಿ ಶುರುಮಾಡಿ. ಮುಗಿದ ವಾರ ಒಂದು ಸಂವಾದ ಇಡಿ. ಬೆಂಗಳೂರಿನ ಪಶ್ಚಿಮದಲ್ಲಿ ಸಭಾಂಗಣಗಳಿಗೆ ಬರವಿಲ್ಲ, ಮಾತಾಡುವವರಿಗೂ ಇಲ್ಲ.

ವಸ್ತು ಬೇಕೆಂದರೆ ದೂರ ಹೋಗಬೇಡಿ. ಹಸಿರು ಮಾರ್ಗದಲ್ಲಿ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಎಂಬ ಮೆಟ್ರೋ ನಿಲ್ದಾಣವಿದೆ, ಅಲ್ಲಿ ಇಳಿಯಿರಿ. ಮೊದಲ ಮಹಾಯುದ್ಧದಿಂದಾಗಿ ಮೈಸೂರಿನ ಶ್ರೀಗಂಧ ಯುರೋಪಿಗೆ ಹೋಗದೆ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರು ಎಣ್ಣೆಯನ್ನು ಇಲ್ಲೇ ತೆಗೆಸಲು ನಿಶ್ಚಯಿಸಿದರು. ಟಾಟಾ ಇನ್‌ಸ್ಟಿಟ್ಯೂಟ್‌ನ ಸಡ್‌ಬರೋ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು ಭಟ್ಟಿ ಇಳಿಸುವ ವಿಧಾನ ಸಿದ್ಧಪಡಿಸಿದರು. ಎಸ್.ಜಿ. ಶಾಸ್ತ್ರಿ ಎಂಬ ತರುಣ ಇಂಗ್ಲೆಂಡಿಗೆ ಹೋಗಿ ಸೋಪು ಮಾಡುವ ವಿದ್ಯೆ ಕಲಿತು ಬಂದು ‘ಸೋಪ್ ಶಾಸ್ತ್ರಿ’ ಎಂದೇ ಹೆಸರಾದರು. ಮೊಟ್ಟೆಯಾಕಾರದ ಬಿಲ್ಲೆ, ಮೇಲೆ ಶರಭದ ಗುರುತು, ಟ್ರಾಮ್ ಟಿಕೆಟ್ಟಿನ ಮೇಲೆ ಜಾಹೀರಾತು, ಕರಾಚಿಯಲ್ಲಿ ಪ್ರಚಾರಕ್ಕೆ ಒಂಟೆಗಳ ಮೆರವಣಿಗೆ. 1957ರಲ್ಲಿ ಕಾರ್ಖಾನೆ ರಾಜಾಜಿನಗರದ ಕೈಗಾರಿಕಾ ಬಡಾವಣೆಗೆ ಬಂತು. ಅಲ್ಲಿ ದುಡಿದು ನಿವೃತ್ತರಾದವರು ಈಗಲೂ ಈ ಸುತ್ತಿನಲ್ಲಿದ್ದಾರೆ. ಯಾವ ಪಾಳಿಯಲ್ಲಿ ಏನು ನಡೆಯುತ್ತಿತ್ತು ಎಂದು ಕೂತು ಹೇಳಬಲ್ಲರು. ಅವರನ್ನು ಬೇಗ ಹೋಗಿ ಕೇಳಿ, ಎಂಟು ಕಂತು ಬರೆಯಿರಿ, ಎಂಟನೆಯದಕ್ಕೇ ಮುಗಿಸಿ.